ಸಿಂಗಪುರದ ದ್ರೌಪದಿ

ನಮ್ಮಲ್ಲಿ ದೇವರೆಂದರೆ ಬಹುಮಟ್ಟಿಗೆ ಸ್ಥಳವೇ. ಗೋಕರ್ಣದ ಕಥೆಯ ಸಾರವೆಲ್ಲ ಇಟ್ಟ ಲಿಂಗವು ಮತ್ತೆ ಅಲುಗಲಿಲ್ಲವೆಂಬ ಒಂದು ಮಾತಿನಲ್ಲಿದೆ. ಹಾಗಿರುವಾಗ ಕಡಲು ದಾಟಿದ ದೇವರ ಪಾಡೇನು? ಸಿಂಗಪುರದ ಗುಡಿಗಳನ್ನು ಸುತ್ತಿದ ದಿನಗಳಲ್ಲಿ ನನ್ನನ್ನು ಬಿಡದೆ ಕಾಡಿದ್ದು ಈ ಪ್ರಶ್ನೆ. ಅಲ್ಲಿ ಹಿಂದೂಗಳ ಸಂಖ್ಯೆ ಹೆಚ್ಚಲ್ಲ. 2020ರ ಜನಗಣತಿಯಂತೆ ಹದಿನೈದು ವರ್ಷ ತುಂಬಿದ ನಿವಾಸಿಗಳಲ್ಲಿ ಶೇಕಡಾ 5 ಮಾತ್ರ. ಅಲ್ಲಿಯ ದೇವರಿಗೆ ಸ್ಥಳಪುರಾಣವೂ ಇಲ್ಲ. ಇರುವುದು ಭೂಮಿಯ ಕಾಗದಪತ್ರ.

ಅಲ್ಲಿಯ ಅತ್ಯಂತ ಹಳೆಯ ಗುಡಿ ಸೌತ್ ಬ್ರಿಜ್ ರಸ್ತೆಯ ಮಾರಿಯಮ್ಮನದು. 1819ರಲ್ಲಿ ರಾಫೆಲ್ಸನೊಡನೆ ಪಿನಾಂಗಿನಿಂದ ಬಂದ ನಾರಾಯಣ ಪಿಳ್ಳೆ ಎಂಬ ಗೃಹಸ್ಥನು ಇದರ ಸ್ಥಾಪಕ. ಸರ್ಕಾರವು ಮೊದಲು ತೋರಿಸಿದ ಜಾಗದಲ್ಲಿ ಪೂಜೆಗೆ ಒದಗುವ ಸಿಹಿನೀರಿರಲಿಲ್ಲವಾಗಿ ಬೇರೆ ನೆಲ ಹುಡುಕಬೇಕಾಯಿತು. 1827ರಲ್ಲಿ ಮರ ಮತ್ತು ಗರಿಗಳ ಗುಡಿ ಎದ್ದಿತು. ಇಟ್ಟಿಗೆಯ ಕಟ್ಟಡ ಅನಂತರದ್ದು. ಒಂದು ಕಾಲದಲ್ಲಿ ಹಿಂದೂಗಳ ವಿವಾಹಗಳನ್ನು ನೋಂದಾಯಿಸುತ್ತಿದ್ದದ್ದೂ ಇಲ್ಲಿಯೇ. ಕೂಲಿಗೆಂದು ಬಂದವನಿಗೆ ಗುಡಿಯು ಏಕಕಾಲಕ್ಕೆ ಊರೂ ಕಚೇರಿಯೂ ಆಗಿತ್ತು. ಇಂದು ಅದರ ಸುತ್ತ ಇರುವುದು ಚೀನೀಯರ ಪೇಟೆ. ಪಕ್ಕದ ಬೀದಿಗೆ ಪಗೋಡ ಬೀದಿಯೆಂದು ಹೆಸರು. ಆ ಪಗೋಡ ಬೇರೇನೂ ಅಲ್ಲ, ನಮ್ಮ ಅಮ್ಮನ ಗೋಪುರವೇ! ಅದೇ ರಸ್ತೆಯಲ್ಲಿ ಕೆಲವೇ ಹೆಜ್ಜೆಗಳಾಚೆ ತಮಿಳು ಮುಸಲ್ಮಾನರ ಜಾಮೆ ಮಸೀದಿಯಿದೆ. ಅದರ ಸ್ಥಾಪನೆ 1826ರಲ್ಲಿ, ಎಂದರೆ ಗುಡಿಗಿಂತ ಒಂದು ವರ್ಷ ಮೊದಲು.

ಆದರೆ ಕನ್ನಡಿಗನಾದ ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾರಿಯಮ್ಮನಲ್ಲ, ಅವಳ ಆವರಣದಲ್ಲಿ ಪಾಂಡವರೊಡನೆ ನೆಲೆಸಿರುವ ದ್ರೌಪದಿ. ದೀಪಾವಳಿಗೆ ಸುಮಾರು ಒಂದು ವಾರ ಮುಂಚೆ ಅಲ್ಲಿ ತೀಮಿದಿ ಎಂಬ ಉತ್ಸವ ನಡೆಯುತ್ತದೆ. ತೀಮಿದಿಯೆಂದರೆ ಕೆಂಡ ತುಳಿಯುವುದು. ನಮ್ಮ ಹಳ್ಳಿಗಳಲ್ಲಿ ಕೊಂಡ ಹಾಯುವುದು ಎನ್ನುವುದೂ ಇದನ್ನೇ. ಸೆರಂಗೂನ್ ರಸ್ತೆಯ ಶ್ರೀನಿವಾಸ ಪೆರುಮಾಳ್ ಗುಡಿಯಿಂದ ಹೊರಟ ಮೆರವಣಿಗೆ ಸುಮಾರು ನಾಲ್ಕು ಕಿಲೋಮೀಟರು ನಡೆದು ಇಲ್ಲಿಗೆ ಬರುತ್ತದೆ. ಮುಂದೆ ಪೂಜಾರಿ, ಅವನ ತಲೆಯ ಮೇಲೆ ಹೂವಿನ ಕರಗ. ಮೊದಲು ಕೆಂಡಕ್ಕೆ ಕಾಲಿಡುವವನೂ ಅವನೇ.

ಬೆಂಗಳೂರಿನ ಕರಗವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚೈತ್ರದ ಹುಣ್ಣಿಮೆಯಂದು ಧರ್ಮರಾಯಸ್ವಾಮಿಯ ಗುಡಿಯಿಂದ ತಿಗಳರು ಹೊರಡಿಸುವ ಕರಗವೂ ದ್ರೌಪದಿಯದೇ. ಅದು ಮಸ್ತಾನ್ ಸಾಹೇಬರ ದರ್ಗಾಕ್ಕೆ ಹೋಗದೆ ಮುಂದುವರಿಯುವುದಿಲ್ಲ. ವ್ಯಾಸಭಾರತದಲ್ಲಿ ದ್ರೌಪದಿ ಕೆಂಡ ತುಳಿದದ್ದಿಲ್ಲ. ನಮ್ಮ ಪಂಪನಂತೂ ಅವಳನ್ನು ಅರ್ಜುನನೊಬ್ಬನ ಹೆಂಡತಿಯನ್ನಾಗಿ ಮಾಡಿಬಿಟ್ಟ. ಯುದ್ಧ ಮುಗಿದ ಮೇಲೆ ಬೆಂಕಿಯನ್ನು ನಡೆದು ದಾಟಿ ಶುದ್ಧಳೆನಿಸಿದ ದ್ರೌಪದಿ ಜನಪದದವಳು. ಹಡಗಿನ ತಳದಲ್ಲಿ ಗಂಟುಮೂಟೆಯೊಡನೆ ಕುಳಿತು ಬಂದವಳೂ ಪಂಡಿತರ ದ್ರೌಪದಿಯಲ್ಲ, ಈ ದ್ರೌಪದಿಯೇ. ಸ್ಥಳವನ್ನು ಹೊತ್ತು ಸಾಗಿಸಲು ಬಾರದು. ವ್ರತವನ್ನು ಸಾಗಿಸಬಹುದು, ಏಕೆಂದರೆ ಅದು ಅಂಗಾಲಿನಲ್ಲಿರುತ್ತದೆ.

ವಾಟರ್‌ಲೂ ಬೀದಿಯಲ್ಲಿ ನೋಟವೇ ಬೇರೆ. 1870ರಲ್ಲಿ ಆಲದ ಮರದ ಕೆಳಗೆ ಮೊದಲಾದ ಕೃಷ್ಣನ ಗುಡಿಗೆ ಅಂಟಿದಂತೆ ಚೀನೀಯರ ಕರುಣಾದೇವತೆ ಗುವಾನ್‌ಯಿನ್‌ಳ ದೇವಾಲಯವಿದೆ. ಅಲ್ಲಿಗೆ ಬಂದವರು ಇಲ್ಲಿಯೂ ಊದುಬತ್ತಿ ಹಚ್ಚದೆ ಹೋಗುವುದಿಲ್ಲ; ಅದಕ್ಕಾಗಿ ಕೃಷ್ಣನ ಬಾಗಿಲಲ್ಲಿ ಚೀನೀ ಮಾದರಿಯ ಧೂಪಪಾತ್ರೆ ಇಟ್ಟಿದ್ದಾರೆ. ಮುದುಕಿಯೊಬ್ಬಳು ಮೂರು ಬತ್ತಿಗಳನ್ನು ಹಣೆಗೇರಿಸಿ ಕೊಳಲ ಕೃಷ್ಣನಿಗೆ ಬಾಗಿದ್ದನ್ನು ನಾನು ಕಂಡೆ. ಇದನ್ನು ಸಮನ್ವಯವೆಂಬ ದೊಡ್ಡ ಮಾತಿನಿಂದ ಕರೆಯಲು ನನಗೆ ಸಂಕೋಚ. ನೆರೆಮನೆಯ ಹಿರಿಯರನ್ನು ಮಾತನಾಡಿಸದೆ ಹೋಗಬಾರದೆಂಬ ಮರ್ಯಾದೆ ಅದು. ಅಷ್ಟೇ ಸಾಕು ಎನ್ನಿಸಿತು.

ಹಾಗೆಂದು ಎಲ್ಲವೂ ಸುಗಮವೆಂದಲ್ಲ. ಆರ್ಚರ್ಡ್ ರಸ್ತೆಯಲ್ಲಿದ್ದ ಶಿವನ ಗುಡಿಯು ಸುರಂಗರೈಲಿನ ನಿಲ್ದಾಣಕ್ಕೆ ಜಾಗ ಬಿಡಬೇಕಾಯಿತು. 1983ರಲ್ಲಿ ಹೊರಟ ಶಿವನು ಸೆರಂಗೂನ್ ರಸ್ತೆಯಲ್ಲಿ, ಅದೇ ಪೆರುಮಾಳನ ಮಗ್ಗುಲಲ್ಲಿ, ಹತ್ತು ವರ್ಷ ತಂಗಿದ್ದು, 1993ರಲ್ಲಿ ಗೇಲಾಂಗಿನ ಹೊಸ ಗುಡಿಗೆ ಹೋದನು. ಹರಿಹರರ ಜಗಳವನ್ನು ನಮ್ಮ ಕವಿಗಳು ಎಷ್ಟು ಬೆಳೆಸಿದ್ದಾರೆ! ಅಲ್ಲಿ ಹರನು ಹರಿಯ ಅತಿಥಿಯಾಗಿ ದಶಕ ಕಳೆದ. ಹೊಸದಾಗಿ ದೇವಾಲಯಗಳಿಗೆ ದೊರೆಯುವ ನಿವೇಶನಗಳು ಸಾಮಾನ್ಯವಾಗಿ 30 ವರ್ಷದ ಗುತ್ತಿಗೆಯವು. ನೆಲ ಸಾಲದಾಗ ಚಿಕ್ಕಪುಟ್ಟ ಗುಡಿಗಳು ಕೂಡಿ ಒಂದೇ ಸೂರಿನಡಿ ಬಾಳುವುದೂ ಉಂಟು. ಅಚಲಪ್ರತಿಷ್ಠೆಯೆಂಬ ಆಗಮದ ಮಾತು ಅಲ್ಲಿ ಬೇರೆಯೇ ಅರ್ಥ ಪಡೆಯುತ್ತದೆ.

ದ್ವೀಪದ ಪೂರ್ವದಂಚಿನ ಲೋಯಾಂಗಿನಲ್ಲಿ ಇನ್ನೊಂದು ಗುಡಿಯಿದೆ. 1980ರ ದಶಕದಲ್ಲಿ ಅಲ್ಲಿಯ ಕಡಲತೀರದಲ್ಲಿ ಯಾರೋ ಬಿಟ್ಟುಹೋದ ಹಲವು ಧರ್ಮಗಳ ಮೂರ್ತಿಗಳನ್ನು ಕಂಡವರು ಅವನ್ನು ಆಯ್ದು ಒಂದು ಗುಡಿಸಲಲ್ಲಿಟ್ಟರು. 1996ರಲ್ಲಿ ಬೆಂಕಿ ಬಿದ್ದ ಮೇಲೆ ಮತ್ತೆ ಕಟ್ಟಿದರು. ಚೀನೀಯರ ತುವಾ ಪೆಕ್ ಕಾಂಗ್, ನಮ್ಮ ಗಣಪತಿ, ಮಲಾಯಿ ಸಂತನೊಬ್ಬನ ನೆಲೆ, ಈ ಮೂರೂ ಇಂದು ಅಲ್ಲಿ ಒಂದೇ ಆವರಣದಲ್ಲಿವೆ. ಸಂತನ ಮುಂದೆ ಮಾತ್ರ ಹಂದಿಮಾಂಸದ ನೈವೇದ್ಯ ಇಡುವಂತಿಲ್ಲ.