ತ್ರಿಕೋನದ ಮೇಲೂ ಸಿಟ್ಟು

ಪಾತ್ರವೊಂದನ್ನು ಹಚ್ಚಿಕೊಳ್ಳಲು ಮನುಷ್ಯರಿಗೆ ಅದರ ಹೆಸರು, ಮುಖ, ಮಾತು ಯಾವುದೂ ಬೇಕಾಗಿಲ್ಲ. ಅಮೆರಿಕದ ಸ್ಮಿತ್ ಕಾಲೇಜಿನಲ್ಲಿ ಫ್ರಿಟ್ಜ್ ಹೈಡರ್ ಮತ್ತು ಮರಿಯಾನ್ ಸಿಮ್ಮೆಲ್ ನಡೆಸಿ 1944ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಇಂದಿಗೂ ಅತ್ಯುತ್ತಮ ಸಾಕ್ಷಿ. ಅವರು ತಯಾರಿಸಿದ ಸುಮಾರು ಎರಡೂವರೆ ನಿಮಿಷದ ಮೂಕಚಿತ್ರದಲ್ಲಿ ಇರುವುದು ಇಷ್ಟೇ: ದೊಡ್ಡದೊಂದು ತ್ರಿಕೋನ, ಚಿಕ್ಕದೊಂದು ತ್ರಿಕೋನ, ಪುಟ್ಟ ವೃತ್ತ, ಬಾಗಿಲಿನಂತೆ ತೆರೆದು ಮುಚ್ಚುವ ಭಾಗವಿರುವ ಆಯತ. ದೊಡ್ಡ ತ್ರಿಕೋನ ಚಿಕ್ಕದಕ್ಕೆ ಮತ್ತೆ ಮತ್ತೆ ಡಿಕ್ಕಿ ಹೊಡೆಯುತ್ತದೆ. ವೃತ್ತ ಆಯತದೊಳಗೆ ಸೇರಿಕೊಳ್ಳುತ್ತದೆ, ದೊಡ್ಡದು ಅಲ್ಲಿಗೂ ನುಗ್ಗುತ್ತದೆ. ಕಡೆಗೆ ಚಿಕ್ಕವೆರಡೂ ತಪ್ಪಿಸಿಕೊಂಡು ಹೋದಾಗ ಉಳಿದ ತ್ರಿಕೋನ ಆಯತದ ಗೋಡೆಗಳನ್ನು ಗುದ್ದಿ ಮುರಿಯುತ್ತದೆ. ಕಂಡದ್ದನ್ನು ಬರೆಯಿರಿ ಎಂದಾಗ 34 ವಿದ್ಯಾರ್ಥಿನಿಯರಲ್ಲಿ ಒಬ್ಬಳು ಮಾತ್ರ ಬಹುಮಟ್ಟಿಗೆ ರೇಖಾಗಣಿತದ ಮಾತಿನಲ್ಲೇ ಬರೆದಳು. ಮಿಕ್ಕವರಿಗೆ ಕಂಡದ್ದು ಜೀವಿಗಳು, ಹೆಚ್ಚಿನವರಿಗೆ ಮನುಷ್ಯರೇ. ದೊಡ್ಡ ತ್ರಿಕೋನ ಅವರ ಕಣ್ಣಿಗೆ ಪುಂಡನಾಗಿಬಿಟ್ಟಿತ್ತು.

ಅಂದರೆ ಚಲನೆಯಲ್ಲಿ ಒಂದು ಬಯಕೆ, ಅದಕ್ಕೊಂದು ಅಡ್ಡಿ ಕಂಡರೆ ಸಾಕು, ನೋಡುವವರ ಮನಸ್ಸು ಒಂದು ಪಕ್ಷ ಹಿಡಿಯುತ್ತದೆ. ಪಕ್ಷ ಹಿಡಿದ ಮೇಲೆ ಸಂತೋಷದ ಲೆಕ್ಕವೇ ಬೇರೆ. ಡಾಲ್ಫ್ ಜಿಲ್‌ಮನ್ ಮತ್ತು ಜೋನ್ ಕ್ಯಾಂಟರ್ 1977ರಲ್ಲಿ ವರದಿ ಮಾಡಿದ ಅಧ್ಯಯನದಲ್ಲಿ ಚಿತ್ರ ನೋಡಿದ ಮಕ್ಕಳು, ಅದರಲ್ಲಿನ ಒಳ್ಳೆಯ ಹುಡುಗ ನಕ್ಕರೆ ತಾವೂ ಹಿಗ್ಗಿದರು, ಅತ್ತರೆ ಕುಗ್ಗಿದರು. ಕೆಟ್ಟ ಹುಡುಗನ ವಿಷಯದಲ್ಲಿ ಇದು ತಿರುಗುಮುರುಗಾಯಿತು.

ಭಾರತೀಯ ಕಾವ್ಯಮೀಮಾಂಸೆ ಈ ವಿಷಯವನ್ನು ಇನ್ನೂ ಆಳಕ್ಕೆ ಒಯ್ದಿದೆ. ಭಟ್ಟನಾಯಕ ಹೇಳಿದ ಸಾಧಾರಣೀಕರಣದ ಪ್ರಕಾರ, ರಂಗದ ಮೇಲಿನ ಶೋಕ ಇಂಥವರದೇ ಎಂಬ ಕಟ್ಟು ಕಳಚಿಕೊಂಡು ಸಹೃದಯರೆಲ್ಲರ ಅನುಭವಕ್ಕೆ ದಕ್ಕುತ್ತದೆ. ಸೀತೆಗಾಗಿ ಅಳುವ ಪ್ರೇಕ್ಷಕ ತನ್ನನ್ನು ಸೀತೆ ಎಂದು ಭಾವಿಸಿಕೊಳ್ಳುವ ಅಗತ್ಯವಿಲ್ಲ.

ಈಚೆಗೆ ಇದಕ್ಕೆಲ್ಲ ಆಕ್ಸಿಟೋಸಿನ್ ಎಂಬ ಹಾರ್ಮೋನೇ ಕಾರಣ ಎಂಬ ಪ್ರಚಾರ ಜೋರಾಗಿದೆ. ಕ್ಯಾನ್ಸರ್ ಪೀಡಿತ ಮಗುವಿನ ಕುರಿತು ತಂದೆ ಮಾತಾಡುವ ವಿಡಿಯೊ ತೋರಿಸಿ, ಮೊದಲೂ ಆಮೇಲೂ ನೋಡುಗರ ರಕ್ತ ಪರೀಕ್ಷಿಸಿದ ಪಾಲ್ ಝಾಕ್ ಅವರ ಪ್ರಯೋಗಗಳೇ ಇದರ ಮೂಲ. ಆದರೆ ರಕ್ತದಲ್ಲಿನ ಪ್ರಮಾಣ ಮಿದುಳಿನಲ್ಲಿ ನಡೆಯುವುದನ್ನು ನೇರವಾಗಿ ಹೇಳುವುದಿಲ್ಲ. ಕತೆಯ ಶಕ್ತಿಯನ್ನೆಲ್ಲ ಒಂದೇ ಹಾರ್ಮೋನಿನ ತಲೆಗೆ ಕಟ್ಟುವುದು ಅವಸರದ ತೀರ್ಮಾನ.

ಹಚ್ಚಿಕೊಳ್ಳುವಿಕೆಯ ನಿಜವಾದ ಮಹತ್ವ ತಿಳಿಯುವುದು ಕತೆ ಮುಗಿದ ಮೇಲೆ. ಮೆಲನಿ ಗ್ರೀನ್ ಮತ್ತು ಟಿಮೊಥಿ ಬ್ರಾಕ್ 2000ದಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಓದುಗರಿಗೆ ಕೊಟ್ಟದ್ದು, ಮಾನಸಿಕ ರೋಗಿಯೊಬ್ಬ ಮಾಲ್‌ನಲ್ಲಿ ಪುಟ್ಟ ಹುಡುಗಿಯನ್ನು ಕೊಲ್ಲುವ ಕತೆ. ಅದರಲ್ಲಿ ಹೆಚ್ಚು ಮುಳುಗಿದವರು ಮುಖ್ಯ ಪಾತ್ರಗಳನ್ನು ಹೆಚ್ಚು ಮೆಚ್ಚಿದರು, ಕತೆಯಲ್ಲಿ ನಂಬಲಾಗದ ಸಾಲುಗಳನ್ನು ಕಡಿಮೆ ಗುರುತಿಸಿದರು, ಇಂಥ ರೋಗಿಗಳನ್ನು ಹೊರಗೆ ಬಿಡಬಾರದು ಎಂಬಂಥ ಅಭಿಪ್ರಾಯಗಳತ್ತ ಹೆಚ್ಚು ವಾಲಿದರು. ಕತೆ ನಿಜವೆಂದು ಹೇಳಿ ಕೊಟ್ಟರೂ ಕಲ್ಪಿತವೆಂದು ಹೇಳಿ ಕೊಟ್ಟರೂ ಅವರು ಮುಳುಗುವುದರಲ್ಲಿ ವ್ಯತ್ಯಾಸವಾಗಲಿಲ್ಲ.