ತಗ್ಗಿದ ಕಾರಿಗೆ ತಕ್ಕ ಗಾಲಿ

ಕುಮಟಾದ ಗಿಬ್ ಸರ್ಕಲ್‌ನಿಂದ ಹೊರಟು, ಹೊಳೆಗದ್ದೆ ಟೋಲ್ ಕಳೆದು, ಹೊನ್ನಾವರದಲ್ಲಿ ಶರಾವತಿ ದಾಟಿ ಭಟ್ಕಳದ ಶಂಸುದ್ದೀನ್ ಸರ್ಕಲ್ ಮುಟ್ಟುವ ಹೊತ್ತಿಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸುಮಾರು 60 ಕಿಲೋಮೀಟರ್ ಆಗುತ್ತದೆ. ಈ ದಾರಿಯಲ್ಲಿ ಟಯರ್ ಅಂಗಡಿಗಳಿಗೆ ಬರವಿಲ್ಲ. ಮೀನಿನ ಲಾರಿಗೆ ಪಂಚರ್ ಹಾಕುವ ತಗಡಿನ ಶೆಡ್ಡೂ ಉಂಟು, ಅಲಾಯ್ ವೀಲುಗಳನ್ನು ಗೋಡೆಗೆ ತೂಗುಹಾಕಿ ಕಂಪ್ಯೂಟರಿನಲ್ಲಿ ಅಲೈನ್‌ಮೆಂಟ್ ನೋಡುವ ಮಳಿಗೆಯೂ ಉಂಟು. ಟಯರ್ ಬದಲಿಸುವುದು ತೋಳ್ಬಲದ ಕೆಲಸವೆಂದೇ ನೋಡುವವರಿಗೆ ಅನಿಸುತ್ತದೆ. ಸ್ಪ್ರಿಂಗ್ ತಗ್ಗಿಸಿದ ಕಾರೊಂದು ಬಂದು ನಿಂತಾಗ ಮಾತ್ರ ಅದು ಅಳತೆಯ ಕೆಲಸವೆಂಬುದು ಬಯಲಾಗುತ್ತದೆ. ಕಾರು ಎಷ್ಟು ತಗ್ಗಬೇಕೆಂಬುದು ಸ್ಪ್ರಿಂಗಿಗೆ ಬಿಟ್ಟದ್ದು. ತಗ್ಗಿದ ಕಾರು ಈ ಕರಾವಳಿಯಲ್ಲಿ ಓಡೀತೇ ಎಂಬುದು ಗಾಲಿಗೆ ಬಿಟ್ಟದ್ದು. ಆ ಗಾಲಿಯನ್ನು ನಿಂತ ಕಾರಿನ ಅಂದಕ್ಕೆ ಅಳೆಯದೆ, ಜನ ಮತ್ತು ಸಾಮಾನು ತುಂಬಿದ ಕಾರು ಗುಂಡಿಗೆ ಬೀಳುವ ಗಳಿಗೆಗೆ ಅಳೆಯಬಲ್ಲವನೇ ಈ ಕಸುಬಿನ ಕುಶಲಿ ಎಂಬುದು ನನ್ನ ವಾದ.

ಲೆಕ್ಕ ಶುರುವಾಗುವುದು ಟಯರಿನ ಬದಿಯಲ್ಲಿ ಅಚ್ಚಾದ ಅಂಕಿಗಳಿಂದ. ಮಾರುತಿ ಸ್ವಿಫ್ಟ್‌ನ ಮೇಲ್ದರ್ಜೆಯ ಮಾದರಿಗಳಿಗೆ ಬರುವ 185/65 ಆರ್ 15 ಟಯರನ್ನೇ ನೋಡೋಣ. ಅಗಲ 185 ಮಿ.ಮೀ., ಅದರ ಶೇ 65 ಅಂದರೆ ಸುಮಾರು 120 ಮಿ.ಮೀ. ಪಕ್ಕೆಯ ಎತ್ತರ, ರಿಮ್ 15 ಇಂಚು. ಒಟ್ಟು ವ್ಯಾಸ ಸುಮಾರು 621 ಮಿ.ಮೀ. ಅದೇ ಕಾರಿನ ಕೆಳದರ್ಜೆಗೆ ಬರುವ 165/80 ಆರ್ 14 ಟಯರಿನ ವ್ಯಾಸ ಸುಮಾರು 620. ರಿಮ್ ಒಂದು ಇಂಚು ಬದಲಾದರೂ ಕಂಪನಿ ಹೊರ ವ್ಯಾಸವನ್ನು ಎರಡು ಮಿ.ಮೀ. ಅಂತರದೊಳಗೇ ಹಿಡಿದಿಟ್ಟಿದೆ. ವ್ಯಾಸ ಬದಲಾದರೆ ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ, ಮಡ್ಗಾರ್ಡಿನೊಳಗಿನ ಜಾಗದ ಲೆಕ್ಕವೂ ತಪ್ಪುತ್ತದೆ. ಹುಡುಗರ ಕಣ್ಣಿಗೆ ಬೀಳುವ 205/45 ಆರ್ 17 ಕೂಡ ವ್ಯಾಸದಲ್ಲಿ ಸುಮಾರು 616 ಮಿ.ಮೀ. ಇರುವುದರಿಂದ ಮೇಲ್ನೋಟಕ್ಕೆ ಹೊಂದುತ್ತದೆ. ಆದರೆ ಅದರ ಪಕ್ಕೆ 92 ಮಿ.ಮೀ. ಮಾತ್ರ. ಸ್ಪ್ರಿಂಗ್ 30 ಮಿ.ಮೀ. ತಗ್ಗಿಸಿ ಗಾಲಿಯ ಏರಿಳಿತ ಕಡಿಮೆ ಮಾಡಿಕೊಂಡ ಕಾರಿನಲ್ಲಿ, ಆಘಾತ ನುಂಗಬೇಕಾದ ರಬ್ಬರಿನಿಂದಲೂ 28 ಮಿ.ಮೀ. ಕಿತ್ತುಕೊಂಡಂತಾಯಿತು. ಇನ್ನು ಭಾರದ ಮಾತು. ಆ 15 ಇಂಚಿನ ಟಯರಿನ ಮೇಲಿರುವ 88 ಎಂಬ ಲೋಡ್ ಸಂಖ್ಯೆಗೆ 560 ಕಿಲೋ ಹೊರುವ ಬಲ, ಸಾದಾ 17 ಇಂಚಿನದರ 84ಕ್ಕೆ 500 ಕಿಲೋ. 17 ಇಂಚಿನಲ್ಲಿ ಮೊದಲಿನಷ್ಟೇ ಹೊರುವ ಬಲ ಬೇಕಿದ್ದರೆ ಎಕ್ಸ್‌ಎಲ್ ಗುರುತಿನ ಟಯರನ್ನೇ ಕೇಳಿ ಪಡೆಯಬೇಕು.

ವ್ಯಾಸಕ್ಕಿಂತ ಹೆಚ್ಚು ಮಂದಿಯನ್ನು ಎಡವಿಸುವುದು ಆಫ್‌ಸೆಟ್. ರಿಮ್ಮಿನ ಅಗಲದ ನಡುಗೆರೆಯಿಂದ ಅದು ಹಬ್ಬಿಗೆ ಒರಗುವ ಮೈವರೆಗಿನ ದೂರ ಇದು. ರಿಮ್ಮಿನ ಮೇಲೆ ಇಟಿ ಎಂಬ ಗುರುತಿನ ಪಕ್ಕ ಇರುತ್ತದೆ. 6 ಇಂಚು ಅಗಲದ, ಇಟಿ 45ರ ರಿಮ್ ತೆಗೆದು 7 ಇಂಚು ಅಗಲದ, ಇಟಿ 30ರ ರಿಮ್ ಹಾಕಿದರೆ ಏನಾಗುತ್ತದೆ? ಅಗಲದಿಂದ ಪ್ರತಿ ಬದಿಗೆ 12.7 ಮಿ.ಮೀ., ಆಫ್‌ಸೆಟ್‌ನಿಂದ 15 ಮಿ.ಮೀ. ಸೇರಿ ಹೊರ ಅಂಚು ಸುಮಾರು 28 ಮಿ.ಮೀ. ಆಚೆ ಬರುತ್ತದೆ. ಒಳ ಅಂಚು ಶಾಕ್ ಅಬ್ಸಾರ್ಬರಿನಿಂದ 2 ಮಿ.ಮೀ.ಯಷ್ಟು ದೂರ ಸರಿಯುತ್ತದೆ. ಅಂದರೆ ಒಳಗೆ ಎಲ್ಲೂ ತಾಗದು, ಅಂಗಡಿಯಲ್ಲಿ ತಿರುಗಿಸಿ ನೋಡಿದಾಗ ಸಲೀಸಾಗಿ ತಿರುಗುತ್ತದೆ, ಮಡ್ಗಾರ್ಡಿನ ಅಂಚಿಗೆ ಸಮನಾಗಿ ನಿಂತ ಗಾಲಿ ಫೋಟೊಗೂ ಚಂದ. ನಾಲ್ಕು ಜನ ಕೂತ ಮೇಲೆ ಬರುವ ಮೊದಲ ಗುಂಡಿಯಲ್ಲೇ ಮಡ್ಗಾರ್ಡ್ ಟಯರಿನ ಭುಜ ಕೊಯ್ಯತೊಡಗುತ್ತದೆ. ಹಬ್ ಬೇರಿಂಗಿನ ಮೇಲಿನ ಹೊರೆ ಹೆಚ್ಚಿದ್ದು ತಿಳಿಯುವುದು ಇನ್ನೂ ತಡವಾಗಿ.

ಭಟ್ಕಳದ ಮಟ್ಟಿಗೆ ಈ ತುಂಬಿದ ಕಾರು ಊಹೆಯ ಮಾತಲ್ಲ. ಕೊಲ್ಲಿ ದೇಶಗಳಲ್ಲಿ ದುಡಿಯುವವರ ಮನೆಗಳು ಸಾಲುಸಾಲಾಗಿರುವ ಊರಿದು. ಮಂಗಳೂರು ವಿಮಾನ ನಿಲ್ದಾಣದಿಂದ ಸುಮಾರು ಒಂದೂವರೆ ನೂರು ಕಿಲೋಮೀಟರ್, ಐದು ಜನ, ಡಿಕ್ಕಿಯ ತುಂಬ ಸೂಟ್‌ಕೇಸು: ಸ್ಪ್ರಿಂಗ್ ಮುಟ್ಟದ ಕಾರು ಕೂಡ ಆ ದಾರಿಯಲ್ಲಿ ತಗ್ಗಿದ ಕಾರೇ. ಹಾಗಾಗಿ ಗಾಲಿ ಕೂರಿಸಿ ನೋಡುವ ಸರಿಯಾದ ಕ್ರಮ ಹೀಗೆ. ಸ್ಪ್ರಿಂಗ್ ಕಳಚಿ, ಕೆಳಗಿನ ಆರ್ಮ್‌ಗೆ ಜಾಕ್ ಕೊಟ್ಟು, ಗಾಲಿಯ ಏರಿಕೆಯನ್ನು ತಡೆಯುವ ಬಂಪ್ ಸ್ಟಾಪ್ ಒತ್ತುವ ತನಕ ಗಾಲಿಯನ್ನು ಮೇಲೆತ್ತಬೇಕು. ಆ ಸ್ಥಿತಿಯಲ್ಲಿ ಸ್ಟೇರಿಂಗನ್ನು ಎರಡೂ ತುದಿಗೆ ತಿರುಗಿಸಬೇಕು. ಸಂಶಯವಿದ್ದಲ್ಲಿ ಕ್ಲೇ ಉಂಡೆ ಅಂಟಿಸಿ, ಅದು ಎಷ್ಟು ಚಪ್ಪಟೆಯಾಯಿತೆಂದು ಅಳೆಯಬೇಕು. ಶಾಕ್ ಅಬ್ಸಾರ್ಬರಿನ ಕಡೆ ಕನಿಷ್ಠ 5 ಮಿ.ಮೀ. ಬಿಡುವುದು ರೂಢಿ. ಅರ್ಧ ದಿನ ತಿನ್ನುವ ಕೆಲಸ. ಇಷ್ಟಕ್ಕೆ ಕೂಲಿ ಕೊಡಲು ಹಿಂದೆಗೆಯುವ ಗಿರಾಕಿಯೇ ರಿಮ್ಮಿನ ಬಣ್ಣಕ್ಕೆ ಸಾವಿರಗಟ್ಟಲೆ ಸುರಿಯುತ್ತಾನೆ. ಆರ್ಮ್‌ಗಳ ರಬ್ಬರ್ ಬುಶ್ ಬಿಗಿಸುವಾಗಲೂ ಇದೇ ಎಚ್ಚರ ಬೇಕು. ಗಾಲಿ ಗಾಳಿಯಲ್ಲಿ ತೂಗುತ್ತಿರುವಾಗ ಬಿಗಿಸಿದರೆ ಕಾರು ಇಳಿದ ಕೂಡಲೇ ಬುಶ್ ತಿರುಚಿಕೊಂಡು ಬೇಗ ಹರಿಯುತ್ತದೆ.

ರೇಸಿನ ಕಾರುಗಳೆಲ್ಲ ನೆಲಕ್ಕೆ ಹತ್ತಿರ ಇರುತ್ತವಲ್ಲ, ತಗ್ಗಿದಷ್ಟೂ ತಿರುವಿನಲ್ಲಿ ಭದ್ರವಲ್ಲವೇ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಗುರುತ್ವಕೇಂದ್ರ ಇಳಿದರೆ ತಿರುವಿನಲ್ಲಿ ಭಾರ ಒಂದು ಬದಿಗೆ ವಾಲುವುದು ಕಡಿಮೆಯಾಗುತ್ತದೆ, ಅದು ನಿಜ. ಆದರೆ ಸಣ್ಣ ಕಾರಿನ ಗುರುತ್ವಕೇಂದ್ರ ನೆಲದಿಂದ ಅರ್ಧ ಮೀಟರಿಗೂ ತುಸು ಮೇಲಿರುತ್ತದೆ, 30 ಮಿ.ಮೀ. ಇಳಿಸಿದರೆ ಸಿಗುವ ಲಾಭ ಶೇ 5ರ ಆಸುಪಾಸು. ನಮ್ಮ ಸಣ್ಣ ಕಾರುಗಳಲ್ಲಿ ಮುಂಗಾಲಿಗೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅದರಲ್ಲಿ ಕಾರನ್ನು ತಗ್ಗಿಸಿದಾಗ, ಮೈ ವಾಲುವ ಕೇಂದ್ರಬಿಂದು ಗುರುತ್ವಕೇಂದ್ರಕ್ಕಿಂತ ವೇಗವಾಗಿ ಕೆಳಗಿಳಿಯುತ್ತದೆ. ಎರಡರ ನಡುವಿನ ಅಂತರ ಬೆಳೆದು, ಸ್ಪ್ರಿಂಗ್ ಗಡುಸಾಗಿಲ್ಲದಿದ್ದರೆ ಕಾರು ಮೊದಲಿಗಿಂತ ಹೆಚ್ಚೇ ವಾಲಲು ನೋಡುತ್ತದೆ. ರೇಸಿನವರು ಈ ಜೋಡಣೆಯನ್ನೆಲ್ಲ ಹೊಸದಾಗಿ ಹೊಂದಿಸಿಕೊಳ್ಳುತ್ತಾರೆ, ಗುಂಡಿಯಿಲ್ಲದ ಟ್ರ್ಯಾಕಿನಲ್ಲಿ ಓಡಿಸುತ್ತಾರೆ. ಖರ್ಚು ಉಳಿಸಲು ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸುವವರದ್ದು ಬೇರೆಯೇ ಕಥೆ. ಕುಮಟಾದಿಂದ ಶಿರಸಿಗೆ ಏರುವ ದೇವಿಮನೆ ಘಟ್ಟದಲ್ಲಿ ಒಂದು ಗಾಲಿ ಗುಂಡಿಯ ಮೇಲೆ ತೂಗಿದರೆ ಸಾಕು, ಗಿಡ್ಡವಾದ ಸ್ಪ್ರಿಂಗ್ ತನ್ನ ಕೂರುವ ಜಾಗ ಬಿಟ್ಟು ಅಲುಗಾಡುತ್ತದೆ.

ತಗ್ಗಿದ ಕಾರಿನ ಟಯರ್ ಒಳಬದಿಯಲ್ಲಿ ಸವೆದರೆ ಎಲ್ಲರೂ ಕ್ಯಾಂಬರನ್ನು ದೂರುತ್ತಾರೆ. ಗಾಲಿ ಮೇಲ್ಗಡೆ ಒಳಕ್ಕೆ ವಾಲಿರುವುದು ಕಣ್ಣಿಗೆ ಕಾಣುತ್ತದೆ, ಅದಕ್ಕೇ ಈ ದೂರು. ನಿಜವಾದ ಅಪರಾಧಿ ಹೆಚ್ಚಾಗಿ ಕಣ್ಣಿಗೆ ಬೀಳದ ಟೋ, ಅಂದರೆ ಮೇಲಿನಿಂದ ನೋಡಿದಾಗ ಗಾಲಿಯ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ. ಕಾರು ಇಳಿದಾಗ ಟೈ ರಾಡ್ ಮತ್ತು ಆರ್ಮ್‌ಗಳ ಕೋನ ಬದಲಾಗಿ, ಗಾಲಿಗಳು ನೇರ ನೋಡುವುದನ್ನು ಬಿಡುತ್ತವೆ. ಒಂದು ಗಾಲಿ ಕಾಲು ಡಿಗ್ರಿ ಓರೆಯಾದರೂ ಅದು ಕಿಲೋಮೀಟರಿಗೆ ನಾಲ್ಕು ಮೀಟರಿಗಿಂತ ಹೆಚ್ಚು ಅಡ್ಡಕ್ಕೆ ಉಜ್ಜಿಕೊಂಡಂತೆ. ಕುಮಟಾದಿಂದ ಭಟ್ಕಳ ತಲುಪುವಾಗ ಸುಮಾರು 260 ಮೀಟರ್. ಸ್ಪ್ರಿಂಗ್ ಬದಲಿಸಿದ ಮೇಲೆ ಅಲೈನ್‌ಮೆಂಟ್ ಮಾಡಿಸದೆ ಹೊಸ ಟಯರ್ ಕೊಂಡವರು ಆ ದುಡ್ಡನ್ನು ಡಾಂಬರಿಗೆ ತೇಯ್ದಂತೆಯೇ ಸರಿ.

ಇಷ್ಟರ ಮೇಲೆ ನಮ್ಮ ಮಳೆ. ವರ್ಷಕ್ಕೆ 3 ಸಾವಿರ ಮಿ.ಮೀ. ದಾಟುವ ಸೀಮೆಯಿದು, ಭಟ್ಕಳದ ರಂಗಿನಕಟ್ಟೆಯಲ್ಲಿ ಹೆದ್ದಾರಿ ಮೇಲೆ ನೀರು ನಿಲ್ಲುವುದು ಮಳೆಗಾಲದ ಮಾಮೂಲು ಸುದ್ದಿ. ಅಗಲ ಟಯರ್ ಎಂದರೆ ಹೆಚ್ಚು ಹಿಡಿತ ಎಂಬ ನಂಬಿಕೆ ಒಣ ರಸ್ತೆಗೆ ಒಪ್ಪುತ್ತದೆ. ನಿಂತ ನೀರಿನಲ್ಲಿ ಟಯರ್ ತೇಲತೊಡಗುವ ವೇಗವನ್ನು 1960ರ ದಶಕದಲ್ಲಿ ಅಮೆರಿಕದ ನಾಸಾ ಸಂಶೋಧಕರು ಗಾಳಿಯ ಒತ್ತಡಕ್ಕೆ ಜೋಡಿಸಿ ಲೆಕ್ಕಹಾಕಿದರು. ಆ ಸೂತ್ರದಂತೆ 32 ಪಿಎಸ್‌ಐ ಗಾಳಿಯಿರುವ ಟಯರ್ ಗಂಟೆಗೆ ಸುಮಾರು 94 ಕಿ.ಮೀ. ವೇಗದಲ್ಲಿ ನೆಲ ಬಿಡುತ್ತದೆ. ಅದು ನೀರಿನ ಆಳ ಟಯರಿನ ಹೂವಿನ, ಅಂದರೆ ಮೈಮೇಲಿನ ಗೀರುಗಳ, ಆಳವನ್ನು ಮೀರಿದಾಗಿನ ಮಾತು. ಟಯರ್ ಅಗಲವಾದಷ್ಟೂ ಪಕ್ಕಕ್ಕೆ ತಳ್ಳಬೇಕಾದ ನೀರು ಹೆಚ್ಚುವುದರಿಂದ ಆ ಗಡಿ ಇನ್ನೂ ಕೆಳಗಿಳಿಯುತ್ತದೆ. ಕಾನೂನು ಒಪ್ಪುವ ಕನಿಷ್ಠ ಹೂವು 1.6 ಮಿ.ಮೀ.; ಆಷಾಢದ ಹೆದ್ದಾರಿಗೆ ಅದು ಏತಕ್ಕೂ ಸಾಲದು.

ರಸ್ತೆ ಉಬ್ಬುಗಳ ಮೇಲೆ ದೂರು ಹೇಳುವವರಿಗೂ ಒಂದು ಲೆಕ್ಕವಿದೆ. ಭಾರತೀಯ ರಸ್ತೆ ಕಾಂಗ್ರೆಸ್ ಹೇಳಿದ ಉಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಸ್ವಿಫ್ಟ್‌ನ ಎರಡು ಅಚ್ಚುಗಳ ನಡುವಿನ ದೂರ 2.45 ಮೀಟರ್. ಮುಂದಿನ ಹಿಂದಿನ ಎರಡೂ ಗಾಲಿ ಉಬ್ಬಿನ ಮೇಲಿದ್ದಾಗ ನಡುವೆ ನೆಲ ಎದ್ದುಬರುವುದು ಬರೀ 44 ಮಿ.ಮೀ. ಸರಿಯಾಗಿ ಕಟ್ಟಿದ ಉಬ್ಬಿನಲ್ಲಿ ಹದವಾಗಿ ತಗ್ಗಿಸಿದ ಕಾರು ಸಿಕ್ಕಿಬೀಳಬೇಕಾಗಿಲ್ಲ. ಊರೊಳಗೆ ಮನಸ್ಸಿಗೆ ಬಂದಂತೆ ಡಾಂಬರು ಗುಡ್ಡೆ ಹಾಕಿದ ಕಿರಿದಾದ ದಿಣ್ಣೆಯೇ ಹೊಟ್ಟೆ ಕೆರೆಯುವುದು. ಆ ತಪ್ಪು ಕಾರಿನದ್ದಲ್ಲ. ಹಾಗೆಂದು ದಿಣ್ಣೆ ಕರಗುವುದೂ ಇಲ್ಲ.

ಕಾನೂನು ಒಪ್ಪದ ಕೆಲಸವನ್ನು ಕಸುಬೆಂದು ಪರಿಚಯಿಸುವುದೇಕೆ ಎಂದು ಕೇಳಬಹುದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಕಂಪನಿ ಕೊಟ್ಟ ಮೂಲ ವಿವರ ಬದಲಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕನಿಗೆ ಪ್ರತಿ ಮಾರ್ಪಾಡಿಗೆ 5 ಸಾವಿರ ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದಾಯಿತು. ಹೊನ್ನಾವರದ ಆರ್‌ಟಿಒ ಕಚೇರಿಯ ಕೆಎ 47 ಫಲಕದ ಕಾರಿಗೂ ಇದು ಲಾಗು. ಆದರೆ ಸ್ಪ್ರಿಂಗನ್ನು ಬೇಕೆಂದೇ ತಗ್ಗಿಸುವವರು ಕೆಲವರು; ಹತ್ತು ವರ್ಷದ ಹೊರೆಗೆ ಸ್ಪ್ರಿಂಗ್ ತಾನಾಗಿ ಕುಗ್ಗಿದ ಕಾರುಗಳು ಲೆಕ್ಕವಿಲ್ಲದಷ್ಟು. ಎರಡಕ್ಕೂ ಬೇಕಾದ ಅಳತೆ ಒಂದೇ. ಕಂಪನಿಯೇ ಬೇರೆ ಬೇರೆ ದರ್ಜೆಗೆ ಕೊಟ್ಟ ಟಯರ್ ಅಳತೆಗಳ ಒಳಗೆ ಆರಿಸಿಕೊಳ್ಳಿ ಎನ್ನುವ ಕುಶಲಿ ಕಾನೂನಿನ ಭಯದಿಂದ ಹಾಗೆನ್ನುವುದಿಲ್ಲ, ಜಾಕ್ ಎತ್ತಿ ನೋಡಿ ಹೇಳುತ್ತಾನೆ. ಗಿರಾಕಿ ಮುನಿಸಿಕೊಂಡು ಪಕ್ಕದ ಅಂಗಡಿಗೆ ಹೋದರೂ ಆ ಅಳತೆ ಬದಲಾಗದು.

ಕೊನೆಯಲ್ಲಿ ನಟ್. ಹೊರಗಿನಿಂದ ತಂದ ಅಲಾಯ್ ವೀಲಿನ ನಡುತೂತು ಕಾರಿನ ಹಬ್ಬಿಗಿಂತ ದೊಡ್ಡದಿರುವುದೇ ಹೆಚ್ಚು. ಆ ಸಂದಿಗೆ ಸರಿಯಾದ ಉಂಗುರ ಹಾಕದಿದ್ದರೆ ಬ್ಯಾಲೆನ್ಸಿಂಗ್ ಎಷ್ಟು ಮಾಡಿದರೂ ಸ್ಟೇರಿಂಗ್ ನಡುಗುವುದು ನಿಲ್ಲದು. ಗಾಳಿಯಲ್ಲೇ ಉಪ್ಪಿರುವ ಈ ಊರುಗಳಲ್ಲಿ ಹಬ್ಬಿನ ಮುಖಕ್ಕೆ ತುಕ್ಕು ಕಟ್ಟುತ್ತದೆ. ಅದನ್ನು ಬ್ರಶ್ಶಿನಿಂದ ಉಜ್ಜಿ ತೆಗೆಯದೆ ರಿಮ್ ಕೂರಿಸಿದರೆ ಗಾಲಿ ಕೂದಲೆಳೆಯಷ್ಟು ಓರೆ ನಿಲ್ಲುತ್ತದೆ. ನಟ್ಟನ್ನು ಏರ್ ಗನ್ನಿನಲ್ಲಿ ಮನಸ್ಸಿಗೆ ಬಂದಷ್ಟು ಬಿಗಿಯದೆ ಟಾರ್ಕ್ ವ್ರೆಂಚಿನಿಂದ ಆ ಕಾರಿಗೆ ಹೇಳಿದಷ್ಟೇ ಬಿಗಿಯಬೇಕು. ಸಣ್ಣ ಕಾರುಗಳಿಗೆ ಅದು ಹೆಚ್ಚುಕಡಿಮೆ 100 ನ್ಯೂಟನ್ ಮೀಟರ್. ಹೊಸ ರಿಮ್ ಕೂತುಕೊಳ್ಳುತ್ತಾ ನಟ್ ಸಡಿಲವಾಗುವುದರಿಂದ 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ನೋಡಬೇಕು. ಕುಮಟಾದಲ್ಲಿ ಗಾಲಿ ಹಾಕಿಸಿಕೊಂಡು ಭಟ್ಕಳಕ್ಕೆ ಹೋದವರು ಅಲ್ಲೇ ಯಾವುದಾದರೂ ಅಂಗಡಿಯಲ್ಲಿ ವ್ರೆಂಚ್ ಹಾಕಿಸಿಕೊಂಡರಾಯಿತು.