ಮುಂದಿರುವ ನೌಕೆಯನ್ನು ಹಿಡಿಯಬೇಕೇ? ಬ್ರೇಕ್ ಹಾಕಿ! ಬಾಹ್ಯಾಕಾಶದ ತಲೆಕೆಳಗಾದ ಲೆಕ್ಕ ಕಲಿಸುವ ಗೇಮ್

2025ರ ಜನವರಿ 16ರಂದು ಇಸ್ರೋದ ಸ್ಪೇಡೆಕ್ಸ್ ಯೋಜನೆಯ ಎರಡು ಪುಟ್ಟ ಉಪಗ್ರಹಗಳು ಸುಮಾರು 475 ಕಿ.ಮೀ. ಎತ್ತರದಲ್ಲಿ ಒಂದಕ್ಕೊಂದು ಜೋಡಿಕೊಂಡವು. ಅಮೆರಿಕ, ರಷ್ಯಾ, ಚೀನಾ ನಂತರ ಈ ಕೆಲಸ ಮಾಡಿದ ನಾಲ್ಕನೇ ದೇಶ ಭಾರತ. ಆದರೆ ಅವೆರಡೂ ಒಂದೇ ರಾಕೆಟ್‌ನಲ್ಲಿ ಹಾರಿದ್ದು 2024ರ ಡಿಸೆಂಬರ್ 30ರಂದು. ಒಟ್ಟಿಗೆ ಹೋದವು ಸೇರಿಕೊಳ್ಳಲು ಹದಿನೇಳು ದಿನ ಯಾಕೆ ಬೇಕಾಯಿತು? ಹಿಂದಿರುವುದು ಸ್ವಲ್ಪ ಜೋರಾಗಿ ಹೋಗಿ ಮುಂದಿರುವುದನ್ನು ಹಿಡಿಯಬಾರದಿತ್ತೇ?

ಈ ಪ್ರಶ್ನೆ ನಿಮಗೂ ಬಂದಿದ್ದರೆ ಬೇಸರ ಬೇಡ. ನಾಸಾದ ಗಗನಯಾತ್ರಿಯೇ ಒಮ್ಮೆ ಹಾಗೆ ಮಾಡಲು ಹೋಗಿ ಸೋತಿದ್ದಾರೆ. ಇವತ್ತು ಈ ಪಾಠವನ್ನು ಮನೆಯಲ್ಲೇ ಕೂತು ಒಂದು ಕಂಪ್ಯೂಟರ್ ಗೇಮ್ ಮೂಲಕ ಕಲಿಯಬಹುದು.

ಜೋರಾಗಿ ಹೋದರೆ ಏನಾಗುತ್ತದೆ?

1965ರ ಜೂನ್‌ನಲ್ಲಿ ಜೆಮಿನಿ 4 ನೌಕೆಯಲ್ಲಿದ್ದ ಜೇಮ್ಸ್ ಮ್ಯಾಕ್‌ಡಿವಿಟ್ ಅವರಿಗೆ, ತಮ್ಮನ್ನು ಮೇಲಕ್ಕೆ ತಂದ ರಾಕೆಟ್‌ನ ಖಾಲಿ ಹಂತದ ಹತ್ತಿರವೇ ಹಾರುವ ಕೆಲಸ ಕೊಡಲಾಗಿತ್ತು. ಅದು ಕಣ್ಣಿಗೆ ಕಾಣುತ್ತಿತ್ತು. ನೌಕೆಯ ಮೂತಿಯನ್ನು ಅದರ ಕಡೆಗೆ ತಿರುಗಿಸಿ ಥ್ರಸ್ಟರ್ ಉರಿಸಿದರು. ಹತ್ತಿರವಾಗುವ ಬದಲು ಅದು ದೂರವಾಗುತ್ತಾ ಹೋಯಿತು. ಇಂಧನ ಹೆಚ್ಚು ಕಡಿಮೆ ಅರ್ಧದಷ್ಟು ಖರ್ಚಾದ ಮೇಲೆ ಪ್ರಯತ್ನ ಕೈಬಿಡಬೇಕಾಯಿತು.

ಕಾರಣ ಸರಳ. ರಸ್ತೆಯಲ್ಲಿ ಆಕ್ಸಿಲರೇಟರ್ ಒತ್ತಿದರೆ ಗಾಡಿ ಅದೇ ರಸ್ತೆಯಲ್ಲಿ ಜೋರಾಗಿ ಓಡುತ್ತದೆ. ಕಕ್ಷೆಯಲ್ಲಿ ಹಾಗಲ್ಲ. ಅಲ್ಲಿ ವೇಗ ಬದಲಾದರೆ ರಸ್ತೆಯೇ ಬದಲಾಗುತ್ತದೆ. ವೇಗ ಹೆಚ್ಚಿಸಿದ ನೌಕೆ ಮೇಲಕ್ಕೆ ಏರುತ್ತದೆ. ಮೇಲಕ್ಕೆಸೆದ ಚೆಂಡಿನಂತೆ ಏರುತ್ತಾ ನಿಧಾನವಾಗುತ್ತದೆ, ಜೊತೆಗೆ ದೊಡ್ಡ ಸುತ್ತು ಹಾಕಬೇಕಾಗುತ್ತದೆ. ಕೊನೆಗೆ ತಡವಾಗಿ ಬರುತ್ತದೆ. ವೇಗ ತಗ್ಗಿಸಿದ ನೌಕೆ ಕೆಳಗಿಳಿಯುತ್ತದೆ. ಇಳಿಯುವಾಗ ವೇಗ ಪಡೆಯುತ್ತದೆ, ಸುತ್ತೂ ಚಿಕ್ಕದಾಗುತ್ತದೆ. ಹಾಗಾಗಿ ಬೇಗ ಬರುತ್ತದೆ.

ಒಂದು ಲೆಕ್ಕ ನೋಡಿ. 400 ಕಿ.ಮೀ. ಎತ್ತರದಲ್ಲಿ ಒಂದು ಸುತ್ತಿಗೆ ಸುಮಾರು 92 ನಿಮಿಷ ಬೇಕು. ನಿಮ್ಮ ಗೆಳೆಯನ ನೌಕೆ ಅದೇ ಕಕ್ಷೆಯಲ್ಲಿ ನಿಮಗಿಂತ 165 ಕಿ.ಮೀ. ಮುಂದಿದೆ ಎಂದುಕೊಳ್ಳಿ. ನೀವು ಸೆಕೆಂಡಿಗೆ 10 ಮೀಟರ್ ವೇಗ ಹೆಚ್ಚಿಸಿದರೆ, ಒಂದು ಸುತ್ತು ಮುಗಿಸಿ ಅದೇ ಜಾಗಕ್ಕೆ ಬರುವಾಗ ಸುಮಾರು 22 ಸೆಕೆಂಡ್ ತಡವಾಗಿರುತ್ತದೆ. ಅಷ್ಟರಲ್ಲಿ ಅಂತರ 330 ಕಿ.ಮೀ. ಆಗಿರುತ್ತದೆ! ಅದೇ 10 ಮೀಟರ್ ವೇಗ ತಗ್ಗಿಸಿದ್ದರೆ? 22 ಸೆಕೆಂಡ್ ಮೊದಲೇ ಬರುತ್ತೀರಿ, ಗೆಳೆಯನ ನೌಕೆ ಪಕ್ಕದಲ್ಲೇ ಇರುತ್ತದೆ. ಆಗ ತಗ್ಗಿಸಿದ 10 ಮೀಟರ್ ವೇಗವನ್ನು ಮತ್ತೆ ಸೇರಿಸಿಕೊಂಡರೆ ಇಬ್ಬರೂ ಜೊತೆಯಾಗಿ ಹಾರುತ್ತೀರಿ.

ಮ್ಯಾಕ್‌ಡಿವಿಟ್ ಅವರ ಪ್ರಯತ್ನದ ಆರು ತಿಂಗಳ ನಂತರ, 1965ರ ಡಿಸೆಂಬರ್ 15ರಂದು ಇದೇ ಲೆಕ್ಕದ ಬಲದಿಂದ ಜೆಮಿನಿ 6ಎ ನೌಕೆ ಜೆಮಿನಿ 7ರ ಸುಮಾರು 30 ಸೆಂ.ಮೀ. ಹತ್ತಿರಕ್ಕೆ ಹೋಯಿತು. 1966ರ ಮಾರ್ಚ್ 16ರಂದು ನೀಲ್ ಆರ್ಮ್‌ಸ್ಟ್ರಾಂಗ್ ಮತ್ತು ಡೇವಿಡ್ ಸ್ಕಾಟ್ ಇದ್ದ ಜೆಮಿನಿ 8, ಅಜೀನಾ ಎಂಬ ಮಾನವರಹಿತ ವಾಹನಕ್ಕೆ ಜೋಡಿಕೊಂಡಿತು. ಅದೇ ಮೊದಲ ಡಾಕಿಂಗ್.

ಗೇಮ್‌ನಲ್ಲಿ ಕಲಿಯುವುದು ಹೇಗೆ?

ಕರ್ಬಲ್ ಸ್ಪೇಸ್ ಪ್ರೋಗ್ರಾಂ ಎಂಬ ಗೇಮ್ ಅನ್ನು ಮೆಕ್ಸಿಕೋದ ಸ್ಕ್ವಾಡ್ ಎಂಬ ಕಂಪನಿ ರೂಪಿಸಿ, 2015ರಲ್ಲಿ ಪೂರ್ಣ ರೂಪದಲ್ಲಿ ಬಿಡುಗಡೆ ಮಾಡಿತು. ಇದನ್ನು ಕಂಪ್ಯೂಟರ್ ಮತ್ತು ಗೇಮ್ ಕನ್ಸೋಲ್‌ಗಳಲ್ಲಿ ಆಡಬಹುದು. ಅದರಲ್ಲಿರುವ ಕರ್ಬಿನ್ ಎಂಬ ಗ್ರಹ ಭೂಮಿಗಿಂತ ತುಂಬ ಚಿಕ್ಕದು, ಆದರೆ ಕಕ್ಷೆಯ ನಿಯಮಗಳು ನಿಜವಾದವೇ. ಅಲ್ಲಿ ಎರಡು ನೌಕೆಗಳನ್ನು ಸೇರಿಸುವ ಕೆಲಸ ಹೀಗೆ ಸಾಗುತ್ತದೆ.

1. ಒಂದೇ ತಟ್ಟೆಗೆ ಬನ್ನಿ. ಎರಡೂ ಕಕ್ಷೆಗಳು ಒಂದೇ ತಟ್ಟೆಯ ಮೇಲೆ ಬಿಡಿಸಿದ ಗೆರೆಗಳಂತೆ ಇರಬೇಕು. ಒಂದು ಓರೆಯಾಗಿದ್ದರೆ ಮೊದಲು ಅದನ್ನು ಸರಿಮಾಡಿ. ಎರಡು ಕಕ್ಷೆಗಳು ಅಡ್ಡಹಾಯುವ ಜಾಗದಲ್ಲಿ ಇಂಜಿನ್ ಉರಿಸಿದರೆ ಇದು ಸಾಧ್ಯ.

2. ಕೆಳಗಿನ ಕಕ್ಷೆಯಲ್ಲಿ ಕಾಯಿರಿ. ಗುರಿ ನೌಕೆ 100 ಕಿ.ಮೀ. ಎತ್ತರದಲ್ಲಿ ನಿಮಗಿಂತ ಮುಂದಿದ್ದರೆ ನೀವು 80 ಕಿ.ಮೀ.ನಲ್ಲಿರಿ. ಕರ್ಬಿನ್ ಸುತ್ತ ಮೇಲಿನ ಸುತ್ತಿಗೆ 32 ನಿಮಿಷ 38 ಸೆಕೆಂಡ್, ಕೆಳಗಿನದಕ್ಕೆ 31 ನಿಮಿಷ 15 ಸೆಕೆಂಡ್ ಬೇಕು. ಅಂದರೆ ಪ್ರತಿ ಸುತ್ತಿಗೂ ನೀವು 83 ಸೆಕೆಂಡ್ ಗಳಿಸುತ್ತೀರಿ. ಇಂಧನ ಖರ್ಚಿಲ್ಲ, ಬೇಕಾದದ್ದು ತಾಳ್ಮೆ ಮಾತ್ರ.

3. ಭೇಟಿಯ ಜಾಗ ಗೊತ್ತುಮಾಡಿ. ಗುರಿಯನ್ನು ಆರಿಸಿಕೊಂಡರೆ, ಎರಡೂ ನೌಕೆಗಳು ಅತಿ ಹತ್ತಿರವಾಗುವ ಹೊತ್ತಿಗೆ ಯಾವುದು ಎಲ್ಲಿರುತ್ತದೆ ಎಂದು ನಕ್ಷೆ ಗುರುತು ಹಾಕಿ ತೋರಿಸುತ್ತದೆ. ಇಂಜಿನ್ ಉರಿಸುವ ಸಮಯವನ್ನು ಹಿಂದೆ ಮುಂದೆ ಸರಿಸುತ್ತಾ ಆ ಅಂತರವನ್ನು ಒಂದೆರಡು ಕಿ.ಮೀ.ಗೆ ಇಳಿಸಿ. ನಂತರ ಕಕ್ಷೆಯ ಒಂದು ತುದಿಯನ್ನು 100 ಕಿ.ಮೀ.ಗೆ ಏರಿಸಿ.

4. ಸಮೀಪಿಸಿದಾಗ ನಿಲ್ಲಿಸಿ. ಹೊಸಬರು ಹೆಚ್ಚು ಎಡವುವುದು ಇಲ್ಲಿ. ಗುರಿ ಕಂಡೊಡನೆ ಅದರತ್ತ ಧಾವಿಸಿದರೆ ಪಕ್ಕದಿಂದ ಸರ್ರನೆ ದಾಟಿ ಹೋಗುತ್ತೀರಿ. ವೇಗಸೂಚಿಯನ್ನು ಗುರಿಗೆ ಹೋಲಿಸಿದ ವೇಗ ತೋರಿಸುವಂತೆ ಬದಲಿಸಿಕೊಳ್ಳಿ. ಅದು ಸೊನ್ನೆಗೆ ಬರುವವರೆಗೆ ವಿರುದ್ಧ ದಿಕ್ಕಿನಲ್ಲಿ ಇಂಜಿನ್ ಉರಿಸಿ. ಆಮೇಲೆ ಗುರಿಯತ್ತ ತಿರುಗಿ ಮೆಲ್ಲಗೆ ಸಾಗಿ, ಮತ್ತೆ ನಿಲ್ಲಿಸಿ. ಅಂತರ ಇಷ್ಟು ಕಡಿಮೆ ಇದ್ದಾಗ ನೇರವಾಗಿ ಗುರಿಯತ್ತ ಹೋಗಬಹುದು. ಹಾದಿ ಬಾಗುವಷ್ಟು ಸಮಯ ಇರುವುದಿಲ್ಲ.

5. ಮುತ್ತಿಡುವಂತೆ ಜೋಡಿಸಿ. ಎರಡೂ ನೌಕೆಗಳ ಜೋಡಣೆಯ ಬಾಯಿಗಳು ಎದುರುಬದುರಾಗಿರಬೇಕು. ದೊಡ್ಡ ಇಂಜಿನ್ ಬೇಡ, ಪುಟ್ಟ ಥ್ರಸ್ಟರ್‌ಗಳು ಸಾಕು. ನಡಿಗೆಗಿಂತ ನಿಧಾನವಾಗಿ ಮುಂದೆ ಸರಿಯಿರಿ. ಕೊನೆಯಲ್ಲಿ ಅಯಸ್ಕಾಂತದಂತೆ ಅವು ತಾವೇ ಅಂಟಿಕೊಳ್ಳುತ್ತವೆ.

ಕೊನೆಯ ಹಂತವನ್ನು ಮಾತ್ರ ಅಭ್ಯಾಸ ಮಾಡುವವರಿಗೆ ಸ್ಪೇಸ್‌ಎಕ್ಸ್ ಸಂಸ್ಥೆಯ ಉಚಿತ ಡಾಕಿಂಗ್ ಸಿಮ್ಯುಲೇಟರ್ ಬ್ರೌಸರ್‌ನಲ್ಲೇ ಸಿಗುತ್ತದೆ.

ಗಂಟೆಗೆ 27 ಸಾವಿರ ಕಿ.ಮೀ. ವೇಗದಲ್ಲಿ ಡಿಕ್ಕಿಯಾಗುವುದಿಲ್ಲವೇ?

ಸ್ಪೇಡೆಕ್ಸ್ ಉಪಗ್ರಹಗಳು ಗಂಟೆಗೆ 27 ಸಾವಿರ ಕಿ.ಮೀ.ಗೂ ಹೆಚ್ಚು ವೇಗದಲ್ಲಿದ್ದವು, ನಿಜ. ಆದರೆ ಅಕ್ಕಪಕ್ಕದ ಹಳಿಗಳಲ್ಲಿ ಒಂದೇ ವೇಗದಲ್ಲಿ ಒಂದೇ ದಿಕ್ಕಿಗೆ ಓಡುವ ಎರಡು ರೈಲುಗಳನ್ನು ನೆನೆಯಿರಿ. ಕಿಟಕಿಯಿಂದ ನೋಡಿದರೆ ಪಕ್ಕದ ರೈಲು ನಿಂತಂತೆಯೇ ಕಾಣುತ್ತದೆ. ಲೆಕ್ಕಕ್ಕೆ ಬರುವುದು ಎರಡರ ವೇಗದ ವ್ಯತ್ಯಾಸ ಮಾತ್ರ. ಸ್ಪೇಡೆಕ್ಸ್‌ನಲ್ಲಿ ಜೋಡಣೆಯ ಹೊತ್ತಿಗೆ ಆ ವ್ಯತ್ಯಾಸ ಸೆಕೆಂಡಿಗೆ 10 ಮಿಲಿಮೀಟರ್‌ನಷ್ಟೇ ಇರಬೇಕೆಂದು ಯೋಜಿಸಲಾಗಿತ್ತು.

ಈ ವ್ಯತ್ಯಾಸ ಹೆಚ್ಚಾದರೆ ಅಪಾಯ ತಪ್ಪದು. 1997ರ ಜೂನ್ 25ರಂದು ರಷ್ಯಾದ ಮೀರ್ ನಿಲ್ದಾಣಕ್ಕೆ ಪ್ರೋಗ್ರೆಸ್ ಎಂಬ ಸರಕು ನೌಕೆಯನ್ನು ಟಿವಿ ಪರದೆ ನೋಡುತ್ತಾ ಕೈಯಾರೆ ನಡೆಸಿ ಜೋಡಿಸಲು ಹೊರಟಾಗ, ವೇಗವನ್ನು ಸಕಾಲಕ್ಕೆ ತಗ್ಗಿಸಲಾಗಲಿಲ್ಲ. ಅದು ಬಡಿದು ಸ್ಪೆಕ್ಟರ್ ಎಂಬ ಕೋಣೆಗೆ ತೂತಾಯಿತು, ಗಾಳಿ ಸೋರತೊಡಗಿತು. ಒಳಗಿದ್ದ ಮೂವರು ಬಾಗಿಲ ಮೂಲಕ ಹಾದುಹೋಗಿದ್ದ ಕೇಬಲ್‌ಗಳನ್ನು ತೆಗೆದು, ಆ ಕೋಣೆಯನ್ನು ಮುಚ್ಚಿ ಜೀವ ಉಳಿಸಿಕೊಂಡರು.

ಹಾಗಾದರೆ ಹದಿನೇಳು ದಿನ ವಿಳಂಬವೇ?

ಅಲ್ಲ. ರಾಕೆಟ್‌ನಿಂದ ಬೇರ್ಪಟ್ಟ ಮೇಲೆ ಎರಡು ಉಪಗ್ರಹಗಳನ್ನು ಬೇಕೆಂದೇ ಕಿಲೋಮೀಟರ್‌ಗಟ್ಟಲೆ ದೂರ ಬಿಟ್ಟು, ಹಂತಹಂತವಾಗಿ ಹತ್ತಿರ ತರುವುದು ಯೋಜನೆಯಾಗಿತ್ತು. ಜನವರಿ 7ಕ್ಕೆ ಗೊತ್ತಾಗಿದ್ದ ಜೋಡಣೆಯನ್ನು, ಇನ್ನಷ್ಟು ಸಿಮ್ಯುಲೇಷನ್ ಮಾಡಿ ಖಚಿತಪಡಿಸಿಕೊಳ್ಳಲು ಮುಂದೂಡಲಾಯಿತು. ಬಳಿಕ ಉಪಗ್ರಹಗಳು ನಿರೀಕ್ಷೆಗಿಂತ ಹೆಚ್ಚು ಸರಿದವು, ಮತ್ತೆ ತಡೆಯಲಾಯಿತು. ಜನವರಿ 12ರಂದು 3 ಮೀಟರ್ ಹತ್ತಿರ ತಂದು ಪರೀಕ್ಷಿಸಿ, ಸುರಕ್ಷಿತ ದೂರಕ್ಕೆ ಮರಳಿಸಲಾಯಿತು. ಬೆಂಗಳೂರಿನ ನಿಯಂತ್ರಣ ಕೇಂದ್ರದಲ್ಲಿ ಕೂತವರು ಮಾಡಿದ್ದು, ಗೇಮ್‌ನ ನಾಲ್ಕನೇ ಹಂತ ಹೇಳುವುದನ್ನೇ: ಸ್ವಲ್ಪ ಸಾಗಿ, ನಿಲ್ಲಿಸಿ, ನೋಡಿ.

ಮುಂದಿನ ಬಾರಿ ಯಾವುದಾದರೂ ಡಾಕಿಂಗ್ ಮುಂದೂಡಿದ ಸುದ್ದಿ ಬಂದು, ಅದರ ಬೆನ್ನಿಗೇ "ಮಿಷನ್ ಫೇಲ್" ಎಂಬ ಮೆಸೇಜ್ ನಿಮ್ಮ ಗ್ರೂಪ್‌ಗೆ ಬಂದರೆ, ಫಾರ್ವರ್ಡ್ ಒತ್ತುವ ಮುನ್ನ ಇದನ್ನು ನೆನಪಿಸಿಕೊಳ್ಳಿ. ಕಕ್ಷೆಯಲ್ಲಿ ಹಿಂದೆ ಸರಿಯುವುದು ಸೋಲಲ್ಲ. ಎಷ್ಟೋ ಸಲ ಸೇರಲು ಇರುವ ಸುರಕ್ಷಿತ ದಾರಿ ಅದೊಂದೇ.